ಕಡಲಿಲ್ಲದ ಊರಲ್ಲಿ ಕೂತು ಕಡಲ ಗಾಳ ಕೊಳ್ಳುವ ಕ್ರಮ

ಮೊದಲು ನಿಮ್ಮ ಅದೃಷ್ಟವನ್ನು ಅರ್ಥ ಮಾಡಿಕೊಳ್ಳಿ. ನೀವಿರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಮಂಗಳೂರಿಗೆ 350 ಕಿಲೋಮೀಟರಿಗೂ ಹೆಚ್ಚು ದೂರ. ಅಳಿವೆಯ ಉಪ್ಪುನೀರಿನಲ್ಲಿ ಫ್ಲೈ ಗಾಳ ಹಾಕುವ ಹವ್ಯಾಸ ಶುರುಮಾಡಲು ಇದಕ್ಕಿಂತ ಪ್ರಶಸ್ತ ಜಾಗವಿಲ್ಲ. ಪಾಪ, ಕುಂದಾಪುರದವರಿಗೆ ಈ ಅನುಕೂಲವೆಲ್ಲಿ? ಅವರು ಸಾಮಾನು ಕೊಂಡ ಸಂಜೆಯೇ ನೀರಿಗಿಳಿದು ತಪ್ಪು ಕಂಡುಹಿಡಿದುಬಿಡುತ್ತಾರೆ. ನಿಮಗೆ ತಪ್ಪು ಗೊತ್ತಾಗುವಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ.

ಊರ ಕೆರೆಯ ಏರಿ ಮೇಲೆ ಕೂತು ಜಿಲೇಬಿ ಮೀನು ಹಿಡಿಯುವ ಹುಡುಗರ ಕಡೆ ತಿರುಗಿಯೂ ನೋಡಬೇಡಿ. ಬಿದಿರು ಕೋಲು, ನೈಲಾನ್ ದಾರ, ಡಬ್ಬಿಯಲ್ಲಿ ನಾಲ್ಕು ಎರೆಹುಳು, ಅಷ್ಟರಲ್ಲೇ ಅವರ ಖರ್ಚು ಮುಗಿಯಿತು. ಇಷ್ಟು ಬೇಗ ಖರ್ಚು ಮುಗಿಯುವುದನ್ನು ಹವ್ಯಾಸ ಅನ್ನುವುದಿಲ್ಲ.

ರಾಡಿನಿಂದ ಆರಂಭಿಸಿ. ಮಾಮೂಲಿ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ಗರಿ, ಕೂದಲು ಸುತ್ತಿದ ಕೊಕ್ಕೆಗೆ ಹೇಳಿಕೊಳ್ಳುವ ತೂಕವೇ ಇಲ್ಲ. ಎಸೆಯಬೇಕಾದ್ದು ದಪ್ಪನೆಯ ಲೈನನ್ನೇ. ಅದಕ್ಕೇ ರಾಡಿಗೂ ಲೈನಿಗೂ ಜೋಡಿ ನಂಬರು ಕೊಟ್ಟಿದ್ದಾರೆ. 8ನೇ ನಂಬರಿನ ಲೈನಿನ ಮೊದಲ 30 ಅಡಿ 210 ಗ್ರೇನ್, ಅಂದರೆ ಹದಿಮೂರೂವರೆ ಗ್ರಾಂ ಚಿಲ್ಲರೆ ತೂಗಬೇಕು. 8ನೇ ನಂಬರಿನ ರಾಡು ಆ ತೂಕಕ್ಕೆ ಬಾಗುವಂತೆ ಇರಬೇಕು. ಅಳಿವೆಗೆ ಹೊಸಬರು ಬಂದರೆ 9 ಅಡಿಯ 8ನೇ ನಂಬರು ಕೊಳ್ಳಿ ಎಂದು ತಿಳಿದವರೆಲ್ಲ ಹೇಳುತ್ತಾರೆ. ಎಲ್ಲರೂ ಹೇಳಿದ ಮೇಲೆ ಅದರಲ್ಲಿ ನಿಮ್ಮ ಬುದ್ಧಿವಂತಿಕೆ ಏನು ಬಂತು? 12ನೇ ನಂಬರು ಕೊಳ್ಳಿ. ಬೋರ್‌ವೆಲ್ಲಿಗೆ ಮೋಟಾರು ತರುವಾಗ 'ಹತ್ತು ಎಚ್‌ಪಿ ಇರಲಿ ಬಿಡಿ' ಎನ್ನಲಿಲ್ಲವೇ, ಹಾಗೆ. ಅರ್ಧ ಗಂಟೆ ಬೀಸಿದರೆ ಭುಜ ಹಿಡಿದುಕೊಳ್ಳುತ್ತದೆ. ಅದು ವ್ಯಾಯಾಮದ ಲೆಕ್ಕಕ್ಕೆ ಹಾಕಿ.

ನಾಲ್ಕು ತುಂಡಾಗಿ ಬಿಚ್ಚುವ ರಾಡು ತೋರಿಸಿದರೆ ಬೇಡವೆನ್ನಿ, ಎರಡು ತುಂಡಿನದು ಕೇಳಿ. ನಾಲ್ಕೂವರೆ ಅಡಿಯ ಕೊಳವೆ ಹಿಡಿದು ಬಸ್ ಹತ್ತಿದರೆ ಕಂಡಕ್ಟರು ಲಗೇಜ್ ಟಿಕೆಟ್ ಕೇಳುತ್ತಾನೆ, ಪಕ್ಕದವರು 'ಏನ್ಸಾರ್ ಇದು?' ಎನ್ನುತ್ತಾರೆ. ಆ ಪ್ರಶ್ನೆ ಕೇಳಿಸಿಕೊಳ್ಳಲೆಂದೇ ಅರ್ಧ ದುಡ್ಡು ಕೊಟ್ಟಿದ್ದೀರಿ.

ರೀಲಿನ ವಿಷಯದಲ್ಲಿ ಮಾತ್ರ ಜಿಪುಣರಾಗಿ. ಮೀನು ಓಡುವಾಗ ಲೈನನ್ನು ಬಿಗಿ ಹಿಡಿದು ಬಿಡುವ ಡ್ರ್ಯಾಗ್ ಎಂಬ ಬ್ರೇಕು ಅದರೊಳಗಿದೆ. ಉಪ್ಪು, ಮರಳು ಹೋಗದಂತೆ ಅದನ್ನು ಮುಚ್ಚಿರುವ ರೀಲಿಗೆ ಬೆಲೆ ಜಾಸ್ತಿ. ತೆರೆದದ್ದನ್ನೇ ಕೊಳ್ಳಿ, ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆಯಬೇಡಿ. ನಮ್ಮ ಕಡೆ ಸಿಹಿನೀರು ಎಷ್ಟು ಅಡಿ ಆಳದಿಂದ ಬರುತ್ತದೆ ಅನ್ನುವುದು ನಿಮಗೇ ಗೊತ್ತು. ಅದನ್ನು ರೀಲಿಗೆ ಸುರಿಯುವುದು ಪಾಪ.

ಈಗ ಲೈನು. ಇಲ್ಲಿ ಸ್ವಲ್ಪ ನಿಧಾನಿಸಿ, ಯಾಕೆಂದರೆ ರೇಷ್ಮೆ ಬೆಳೆಯುವ ನಿಮ್ಮ ಊರಿನ ಮರ್ಯಾದೆಯ ಪ್ರಶ್ನೆ ಇದೆ. 1950ರ ಸುಮಾರಿನವರೆಗೆ ಫ್ಲೈ ಲೈನುಗಳನ್ನು ಹೆಣೆಯುತ್ತಿದ್ದುದು ರೇಷ್ಮೆಯಿಂದ. ಎಣ್ಣೆ ಕುಡಿಸಿ, ತೇಲಲೆಂದು ಜಿಡ್ಡು ಸವರಿ, ಸಂಜೆ ಬಿಚ್ಚಿ ಒಣಗಿಸುತ್ತಿದ್ದರು. ಲೈನಿನ ತುದಿಗೆ ಕಟ್ಟುವ, ಮೀನಿಗೆ ಕಾಣಬಾರದ ಎಳೆಯೂ ರೇಷ್ಮೆ ಹುಳುವಿನದೇ. ನಾಲ್ಕೂ ಜ್ವರ ಎದ್ದು ಹಣ್ಣಾದ ಹುಳು ಮೈಯೆಲ್ಲ ಬೆಳಕು ಹಾಯುವಂತಾಗಿ, ತಲೆಯೆತ್ತಿ ಆಡಿಸುತ್ತಾ ಗೂಡು ಕಟ್ಟಲು ಚಂದ್ರಿಕೆ ಹುಡುಕುತ್ತದಲ್ಲ, ಆ ಹೊತ್ತಿಗೆ ಸ್ಪೇನಿನ ಮುರ್ಸಿಯಾದಲ್ಲಿ ಅದನ್ನು ವಿನೆಗರಿನಲ್ಲಿ ನೆನೆಹಾಕಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಎರಡು ಕೈಯಲ್ಲಿ ಹಿಡಿದು ಒಂದೇ ಎಳೆಯಾಗಿ ಎಳೆಯುತ್ತಿದ್ದರು. ನೈಲಾನ್ ಬಂದು ಆ ಕಸುಬು ಮುಗಿಯಿತು. ನಿಮ್ಮ ಮನೆಯ ಹುಳುಮನೆಯಲ್ಲಿ ಸಾವಿರಾರು ಲೈನುಗಳು ಸೊಪ್ಪು ತಿನ್ನುತ್ತಿವೆ ಎಂಬುದನ್ನು ಅಂಗಡಿಯಲ್ಲಿ ಬಾಯಿಬಿಡಬೇಡಿ. ಗೂಡನ್ನು ಮಾರುಕಟ್ಟೆಗೆ ಹಾಕಿ, ಹರಾಜಿನ ದುಡ್ಡು ತಂದು, ಪ್ಲಾಸ್ಟಿಕ್ ಲೇಪದ ಲೈನು ಕೊಂಡು ಬನ್ನಿ.

ಅದರಲ್ಲೂ ಡಬ್ಬಿಯ ಮೇಲೆ ಹಿಮದ ಬೆಟ್ಟವಿರುವುದನ್ನೇ ಆರಿಸಿ. ತಣ್ಣೀರಿಗೆ ಮಾಡಿದ ಲೈನು ಕರಾವಳಿಯ ಬಿಸಿಲಿಗೆ ಮೆತ್ತಗಾಗಿ, ಜಿಗುಟಾಗಿ, ರಾಡಿನ ಉಂಗುರಗಳಿಗೆ ಅಂಟಿಕೊಳ್ಳುತ್ತದೆ. ಸೆಕೆಯ ನೀರಿಗೆಂದೇ ಗಡುಸು ಎಳೆಯ ಲೈನುಗಳಿವೆ, ಇರಲಿ ಬಿಡಿ. ನಂಬರು 5 ಆಗಿದ್ದರೆ ಇನ್ನೂ ಒಳ್ಳೆಯದು. 12ರ ರಾಡು ಅದರ ತೂಕಕ್ಕೆ ಮಿಸುಕುವುದೂ ಇಲ್ಲ. ಲೈನಿನ ಹಿಂದೆ 150 ಗಜ ಸಣ್ಣ ದಾರ ಸುತ್ತಿಸಿ ಎಂದರೆ 'ಆಮೇಲೆ ನೋಡೋಣ' ಎನ್ನಿ. ದೊಡ್ಡ ಮೀನು ಸಿಕ್ಕಾಗ ನೋಡಬಹುದು, ಬರೀ ರೀಲನ್ನು.

ಫ್ಲೈಗಳಲ್ಲಿ ಕ್ಲೌಸರ್ ಮಿನ್ನೋ ಎಂಬುದೊಂದಿದೆ. ಅಮೆರಿಕದ ಬಾಬ್ ಕ್ಲೌಸರ್ ಎಂಬುವರು 1980ರ ದಶಕದಲ್ಲಿ ಕಟ್ಟಿದ್ದು; ಸ್ವಲ್ಪ ಕೂದಲು, ಸೀಸದ ಎರಡು ಕಣ್ಣು, ಅಷ್ಟೆ. ಉಪ್ಪುನೀರಿನ ಮೀನುಗಳು ಅದಕ್ಕೆ ಬಾಯಿ ಹಾಕುತ್ತವೆ ಎಂದು ಅನುಭವಸ್ಥರು ಮೂರು ನಾಲ್ಕು ಬಣ್ಣದಲ್ಲಿ ಅದನ್ನೇ ಇಟ್ಟುಕೊಳ್ಳುತ್ತಾರೆ. ನೀವು ಸೀಬಾಸಿಗೂ ಕೆಂಬೇರಿಗೂ ಏನು ಇಷ್ಟ ಎಂದು ತಲೆಕೆಡಿಸಿಕೊಳ್ಳಬೇಡಿ. ಡಬ್ಬಿ ತೆರೆದಾಗ ನಿಮಗೆ ಇಷ್ಟವಾದದ್ದನ್ನು ಆರಿಸಿ. ದುಡ್ಡು ಕೊಡುವವರು ನೀವು.

ಪಾರ್ಸೆಲ್ಲಿನ ವಿಳಾಸದಲ್ಲಿ 'ವಿಜಯಪುರ, ಕರ್ನಾಟಕ' ಎಂದಷ್ಟೇ ಬರೆದು ಪಿನ್‌ಕೋಡ್ ಬಿಡಿ. 2014ರಲ್ಲಿ ಬಿಜಾಪುರಕ್ಕೂ ಇದೇ ಹೆಸರು ಬಂದ ಮೇಲೆ ನಿಮ್ಮ ರಾಡು ಗೋಳಗುಮ್ಮಟ ನೋಡಿಕೊಂಡು ಬರುವ ಸಾಧ್ಯತೆ ಚೆನ್ನಾಗಿದೆ.

ಪಾರ್ಸೆಲ್ ಬಂದ ದಿನ ಮನೆಯಲ್ಲಿ ಬೆಲೆ ಕೇಳುತ್ತಾರೆ. ಒಂದು ಸೊನ್ನೆ ಕಳೆದು ಹೇಳಿ.

"ಅಲ್ಲಾ ರೀ, ನೀವು ಮೀನೇ ತಿನ್ನಲ್ವಲ್ಲ?"

"ತಿನ್ನೋಕಲ್ಲ ಕಣೇ, ಹಿಡಿದು ವಾಪಸ್ ನೀರಿಗೆ ಬಿಡೋದು" ಎಂದು ಗಾಂಭೀರ್ಯದಿಂದ ತಿಳಿಸಿ.

"ಬಿಡೋದಾದ್ರೆ ಹಿಡಿಯೋದ್ಯಾಕೆ?"

ಇದಕ್ಕೆ ಉತ್ತರವಿಲ್ಲ. ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ಹೊರಡಿ. ಅಲ್ಲಿಗೂ ಪ್ರಶ್ನೆ ಬೆನ್ನು ಹತ್ತಿದರೆ, 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ಮಹಶೀರ್ ಫೋಟೋ ತೋರಿಸಿ. ಅದು ಸಿಹಿನೀರಿನ ಮೀನೆಂಬ ವಿವರ ಬೇಡ.

ಎಸೆಯುವ ಅಭ್ಯಾಸವನ್ನು ಮಾಳಿಗೆಯ ಮೇಲೆ ಮಾಡಿ, ಅಲ್ಲಿ ಬಟ್ಟೆ ಒಣಹಾಕಿರುತ್ತಾರೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಕಿವಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ. ಹಾಗೆ ಬಂದರೆ ಹೇಳಿಕೊಳ್ಳಲು ಕಥೆ ಎಲ್ಲಿ ಉಳಿಯುತ್ತದೆ? ಆದರೆ ಕರೆಂಟಿನ ತಂತಿಯ ಹತ್ತಿರ ಮಾತ್ರ ನಿಲ್ಲಬೇಡಿ, ಕಾರ್ಬನ್ ರಾಡಿನಲ್ಲಿ ಕರೆಂಟು ಹರಿಯುತ್ತದೆ. ಇದೊಂದು ಸಲಹೆಯನ್ನು ನಿಜಕ್ಕೂ ಪಾಲಿಸಿ, ಕಂತು ಕಟ್ಟುವವರು ಬದುಕಿರಬೇಕು.

ಹೊರಡಲು ಜುಲೈ ಒಳ್ಳೆಯ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ; ಹಾಗಾಗಿ ಅಷ್ಟೂ ಮೀನು ನಿಮ್ಮದೇ ಎಂದು ತಿಳಿಯಿರಿ. ಬೆಂಗಳೂರಿನಿಂದ ರಾತ್ರಿಯ ಪಂಚಗಂಗಾ ರೈಲು ಹತ್ತಿ ಕುಂದಾಪುರದಲ್ಲಿ ಇಳಿಯಿರಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳು ಘಟ್ಟದ ಕೆಂಪು ಮಣ್ಣನ್ನೆಲ್ಲ ತಂದು ಗಂಗೊಳ್ಳಿ ಅಳಿವೆಗೆ ಸುರಿಯುತ್ತಿರುತ್ತವೆ. ಕಣ್ಣಿಗೆ ಕಂಡದ್ದನ್ನು ನಂಬಿ ಬಾಯಿ ಹಾಕುವ ಮೀನಿಗೆ ಆ ನೀರಲ್ಲಿ ತನ್ನ ಬಾಲವೇ ಕಾಣುವುದಿಲ್ಲ. ಉಬ್ಬರ ಇಳಿತದ ವೇಳೆ ಯಾರನ್ನೂ ಕೇಳಬೇಡಿ, ತಿಂಡಿ ಮುಗಿಸಿ ಹೋಗಿ. ಪಡುವಣದ ಗಾಳಿಗೆ ಮುಖ ಕೊಟ್ಟು ನಿಲ್ಲಿ. ಎಸೆದ ಲೈನು ಮರಳಿ ನಿಮ್ಮ ಟೋಪಿಗೇ ಬರುತ್ತದೆ, ಸುತ್ತಿಕೊಳ್ಳುವ ಶ್ರಮ ಉಳಿಯಿತು.

ಅಲ್ಲೇ ಮೊಣಕಾಲುದ್ದ ನೀರಲ್ಲಿ ಲುಂಗಿ ಎತ್ತಿ ಕಟ್ಟಿದ ಅಜ್ಜನೊಬ್ಬ ಬೀಸುಬಲೆ ಹಾಕುತ್ತಿರುತ್ತಾನೆ. ಬಲೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿ, ಸೊಂಟ ತಿರುಗಿಸಿ ಬಿಟ್ಟರೆ ಅದು ದುಂಡಗೆ ಬಿಚ್ಚಿ ಬೀಳುತ್ತದೆ. ಎಳೆದಾಗ ಸಾರಿಗಾಗುವಷ್ಟು ಕಾಣೆ ಮೀನು. ನಿಮ್ಮ ಕೊಕ್ಕೆ ನೋಡಿ, "ಹುಳ ಹಾಕ್ಲಿಲ್ಯಾ ಮಾರಾಯ್ರೆ?" ಎಂದು ಕೇಳುತ್ತಾನೆ. ಅವನಿಗೆ ಟಂಗ್‌ಸ್ಟನ್ ಕಣ್ಣು, ಫ್ಲೋರೋಕಾರ್ಬನ್ ಎಳೆ, ರಾಡಿನ ನಂಬರು ಎಲ್ಲವನ್ನೂ ವಿವರಿಸಿ. ಅವನು ಎರಡು ಮೀನು ಕೊಡಲು ಬಂದರೆ ತಿನ್ನುವುದಿಲ್ಲವೆಂದು ಹೇಳಿ, ಕೈಯಲ್ಲಿ ಹಿಡಿದು ಫೋಟೋ ಮಾತ್ರ ತೆಗೆಸಿಕೊಳ್ಳಿ.

ಊರಿಗೆ ಬಂದು ಎಲ್ಲವನ್ನೂ ಒದ್ದೆಯಾಗಿಯೇ ಕೊಳವೆಗೆ ತುರುಕಿ ಹುಳುಮನೆಯ ಅಟ್ಟಕ್ಕೆ ಹಾಕಿ. ಮುಂದಿನ ಬೆಳೆಯ ಗೂಡು ಬಿಡಿಸುವ ಹೊತ್ತಿಗೆ ತೆಗೆದು ನೋಡಿ. ರೀಲು ಹಸಿರು ತಿರುಗಿ, ಎತ್ತಲಾಗಿಯೂ ತಿರುಗದಂತೆ ಕೂತಿರುತ್ತದೆ. ಈಗ 8ನೇ ನಂಬರು ಕೊಳ್ಳುವ ಕಾಲ ಬಂದಿದೆ. ಹಳೆಯದನ್ನು ಫೋನಿನಲ್ಲಿ ಮಾರಾಟಕ್ಕಿಡಿ: 'ಒಂದೇ ಸಲ ಬಳಸಿದ್ದು, ಮಾಲೀಕರು ಶುದ್ಧ ಸಸ್ಯಾಹಾರಿ.' ತುಕ್ಕಿನ ವಿಚಾರ ಕೆದಕಬೇಡಿ. ರೀಲು ಯಾಕೆ ತಿರುಗುತ್ತಿಲ್ಲ ಎಂದು ಯಾರಾದರೂ ಕೇಳಿದರೆ, ಡ್ರ್ಯಾಗ್ ತುಂಬಾ ಬಿಗಿ ಇದೆ, ದೊಡ್ಡ ಮೀನಿಗೆಂದೇ ಮಾಡಿದ್ದು ಎನ್ನಿ.