ಲ್ಯಾಬ್ ಇನ್‌ಚಾರ್ಜ್

ಸಣ್ಣ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಯಾರ ಜೇಬಿನಲ್ಲಿರುತ್ತದೋ ಅವರೇ ಲ್ಯಾಬ್ ಇನ್‌ಚಾರ್ಜ್. ಹರಿಹರ, ದಾವಣಗೆರೆ ಸುತ್ತಿನ ಪದವಿ ಕಾಲೇಜುಗಳಲ್ಲಿ ಇವರು ಹೇರಳವಾಗಿ ಕಾಣಸಿಗುತ್ತಾರೆ. ಈ ಕೆಲಸಕ್ಕೆ ನೇಮಕಾತಿ ಆದೇಶವಿಲ್ಲ, ಭತ್ಯೆಯಿಲ್ಲ. ಇವರು ಸಾಮಾನ್ಯವಾಗಿ ಗಣಿತದ ಅಥವಾ ಕಾಮರ್ಸ್ ಮೇಷ್ಟ್ರು. ಎಂದೋ ಒಮ್ಮೆ ಪ್ರಿನ್ಸಿಪಾಲರ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದಂತೆ ಎಳೆದುಕೊಟ್ಟಿರುತ್ತಾರೆ. ‘ನಿಮಗೆ ಇದೆಲ್ಲ ಗೊತ್ತಲ್ಲ ಸರ್’ ಎಂದು ಪ್ರಿನ್ಸಿಪಾಲರು ಅಂದಲ್ಲಿಗೆ ಆಯ್ಕೆ ಪ್ರಕ್ರಿಯೆ ಮುಗಿದಿರುತ್ತದೆ.

ಇನ್‌ಚಾರ್ಜರ ಸ್ವಭಾವ ತಿಳಿಯಲು ಕಂಪ್ಯೂಟರ್ ಗೊತ್ತಿರಬೇಕಿಲ್ಲ, ಸ್ಟಾಕ್ ರಿಜಿಸ್ಟರ್ ನೋಡಿದರೆ ಸಾಕು. ಕೀಬೋರ್ಡು, ಮೌಸು, ಎಕ್ಸ್‌ಟೆನ್ಷನ್ ಬೋರ್ಡು, ಪ್ರತಿಯೊಂದರ ಎದುರಿಗೂ ಅವರ ರುಜು. ಒಂದು ಮೌಸು ಕಾಣೆಯಾದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಅವರು, ದುಡ್ಡು ಕಟ್ಟಬೇಕಾದವರೂ ಅವರೇ. ಆದರೆ 30 ಕಂಪ್ಯೂಟರು ಯಾರ ಕೈಯೂ ತಾಗದೆ ಐದು ವರ್ಷ ಕೂತು ಮುದಿಯಾದರೆ ಕೇಳುವ ಆಡಿಟರ್ ಇನ್ನೂ ಹುಟ್ಟಿಲ್ಲ. ನಿಯಮವೇ ಹೀಗಿರುವಾಗ ಲ್ಯಾಬಿಗೆ ಬೀಗ ಜಡಿಯುವುದು ಜಿಪುಣತನವಲ್ಲ, ಲೌಕಿಕ ಜ್ಞಾನ. ವಿದ್ಯಾರ್ಥಿಗಳಿಗೆ ಇದು ಅರ್ಥವಾಗದು. ‘ಸರ್, ಪ್ರಾಜೆಕ್ಟ್ ಟೈಪ್ ಮಾಡೋದೈತ್ರಿ’ ಎಂದು ಬಾಗಿಲಲ್ಲಿ ನಿಂತವನಿಗೆ ಸಿಗುವ ಉತ್ತರ, ‘ಚಪ್ಪಲಿ ಹೊರಗೆ ಬಿಡಪ್ಪಾ.’ ಚಪ್ಪಲಿ ಬಿಟ್ಟು ಬಂದ ಮೇಲೆ, ‘ನಾಳೆ ಬಾ.’

ಖರೀದಿ ಯೋಜನೆ ಮಾರ್ಚ್ ತಿಂಗಳಲ್ಲಿ, ಅನುದಾನ ವಾಪಸು ಹೋಗುವ ಭಯದಲ್ಲಿ ನಡೆಯುತ್ತದೆ. ನಿಯಮದಂತೆ ಮೂರು ಕೊಟೇಷನ್ ಬೇಕು. ಹರಿಹರಕ್ಕಾದರೆ 14 ಕಿಲೋಮೀಟರ್ ದೂರದ ದಾವಣಗೆರೆಯಿಂದ ಮೂರು ಬೇರೆ ಬೇರೆ ಲೆಟರ್‌ಹೆಡ್‌ಗಳಲ್ಲಿ, ಒಂದೇ ಕಾಗುಣಿತ ತಪ್ಪಿನೊಂದಿಗೆ ಅವು ಬರುತ್ತವೆ. ಎಷ್ಟು ವಿದ್ಯಾರ್ಥಿಗಳು, ವಾರಕ್ಕೆ ಎಷ್ಟು ಗಂಟೆ, ಯಾವ ಸಾಫ್ಟ್‌ವೇರ್ ಎಂಬ ಲೆಕ್ಕ ಮಾಡಿ ಸಂಖ್ಯೆ ನಿರ್ಧರಿಸುವುದು ಪುಸ್ತಕದ ಪದ್ಧತಿ. ಇಲ್ಲಿ ಬಂದ ಹಣವನ್ನು ಒಂದು ಕಂಪ್ಯೂಟರಿನ ಬೆಲೆಯಿಂದ ಭಾಗಿಸುತ್ತಾರೆ. ಶೇಷ ಉಳಿದರೆ ಕವರ್ ತರುತ್ತಾರೆ.

ಲ್ಯಾಬಿನ ಹೃದಯ ಯುಪಿಎಸ್. ಮಾನಿಟರ್ ಸೇರಿ ಒಂದು ಡೆಸ್ಕ್‌ಟಾಪ್ ಸುಮಾರು 100 ವ್ಯಾಟ್ ಎಳೆದರೆ 30ಕ್ಕೆ 3 ಕಿಲೋವ್ಯಾಟ್. 5 ಕೆವಿಎ ಯುಪಿಎಸ್ ನಿರಾಯಾಸವಾಗಿ ತಡೆಯುತ್ತದೆ. ಇಷ್ಟು ಲೆಕ್ಕ ಇನ್‌ಚಾರ್ಜರಿಗೆ ಬಾಯಿಪಾಠ. ಲೆಕ್ಕಕ್ಕೆ ಬಾರದ್ದು ಪಕ್ಕದ ಆಫೀಸು. ಕರೆಂಟ್ ಹೋದಾಗಲೂ ಹಾಲ್‌ಟಿಕೆಟ್ ಪ್ರಿಂಟ್ ಆಗಬೇಕೆಂದು ಯಾರೋ ಗೋಡೆಗೆ ತೂತು ಹೊಡೆದು ಆಫೀಸಿನ ಲೇಸರ್ ಪ್ರಿಂಟರನ್ನೂ ಈ ಲೈನಿಗೇ ಸೇರಿಸಿರುತ್ತಾರೆ. ಲೇಸರ್ ಪ್ರಿಂಟರ್ ಒಳಗಿನ ರೋಲರ್ ಕಾಯಿಸಲು ಒಮ್ಮೆಲೇ ಹತ್ತು ಕಂಪ್ಯೂಟರಿನಷ್ಟು ವಿದ್ಯುತ್ ನುಂಗಬಲ್ಲದು. ಆಫೀಸಿನಲ್ಲಿ ಹಾಳೆ ಹೊರಬಂದ ಗಳಿಗೆಗೆ ಸರಿಯಾಗಿ ಲ್ಯಾಬಿನಲ್ಲಿ ಕತ್ತಲೆ. ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುವುದರಿಂದ ಒಂದು ಕೆಟ್ಟರೆ ಇಡೀ ಸಾಲು ಬಳಲುತ್ತದೆ. ಹಾಗೆಂದು ಒಂದನ್ನೇ ಬದಲಿಸಲು ಬಿಲ್ ಪಾಸಾಗುವುದಿಲ್ಲ, ಎಲ್ಲವನ್ನೂ ಬದಲಿಸಲು ಬಜೆಟ್ ಇರುವುದಿಲ್ಲ. ರಿಪೇರಿಯ ಹುಡುಗನಿಗೆ ಫೋನ್ ಮಾಡಿದರೆ ಅವನು ‘ಇಲ್ಲೇ ದೊಡ್ಡಬಾತಿ ದಾಟೀನಿ ಸರ್’ ಎನ್ನುತ್ತಾನೆ. ಎರಡು ದಿನದ ಮೇಲೂ ಅವನು ದಾವಣಗೆರೆ ದಾರಿಯ ಆ ದೊಡ್ಡಬಾತಿಯನ್ನು ದಾಟುತ್ತಲೇ ಇರುತ್ತಾನೆ.

ಹರಿಹರದ ಇನ್‌ಚಾರ್ಜರಿಗೆ ಬೇರೆಡೆಯವರಿಗಿಲ್ಲದ ಒಂದು ಗುಣವುಂಟು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈ ಊರಿನಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದರೂ ಅದರ ಲೇತುಗಳು ವರ್ಕ್‌ಶಾಪುಗಳಲ್ಲಿ ತಿರುಗುತ್ತಲೇ ಇವೆ. ಎಣ್ಣೆ ಬಿಟ್ಟುಕೊಂಡಿದ್ದರೆ ಯಂತ್ರ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆಂದು ನಂಬಿದ ಊರಿನಲ್ಲಿ, ಐದು ವರ್ಷಕ್ಕೇ ಕಂಪ್ಯೂಟರಿನ ಆಯುಸ್ಸು ಮುಗಿಯಿತೆಂದರೆ ಒಪ್ಪುವವರಿಲ್ಲ. ಆದ್ದರಿಂದ ಇನ್‌ಚಾರ್ಜ್ ಎರಡು ಸತ್ತ ಕಂಪ್ಯೂಟರ್ ಬಿಚ್ಚಿ ಒಂದನ್ನು ಬದುಕಿಸುತ್ತಾರೆ. ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸುತ್ತಾರೆ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದೇ ಮುದಿ ಯಂತ್ರ ಓಡತೊಡಗುತ್ತದೆ ಎಂಬುದನ್ನು ಕಂಡುಕೊಂಡವರೂ ಅವರೇ. ಇಡೀ ಕಾಲೇಜಿನಲ್ಲಿ ಸಂಪನ್ಮೂಲ ನಿರ್ವಹಣೆ ಎಂಬ ಹೆಸರಿಗೆ ನಿಜವಾಗಿ ತಕ್ಕ ಕೆಲಸವೆಂದರೆ ಇದೊಂದೇ. ಇದಕ್ಕೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ ನಿಂತಾಗ ಜಗತ್ತು ಚಿಂತಿಸಿತು. ವಿಂಡೋಸ್ 11 ಈ ಯಂತ್ರಗಳ ಮೇಲೆ ಹತ್ತುವುದಿಲ್ಲ. ಉಚಿತವಾಗಿ ಸಿಗುವ ಉಬುಂಟು ಹಾಕಿದರೆ ಲೆಕ್ಕಪತ್ರದ ಟ್ಯಾಲಿ ನೇರವಾಗಿ ಓಡದೆಂದು ಅದನ್ನು ಕಲಿಸುವ ಮೇಷ್ಟ್ರು ಮುನಿಯುತ್ತಾರೆ. ಇನ್‌ಚಾರ್ಜ್ ಮಾತ್ರ ನಿರಾಳ: ‘ಪಾಠದ ಮಧ್ಯೆ ರೀಸ್ಟಾರ್ಟ್ ಕೇಳೋದು ತಪ್ಪಿತಲ್ಲ!’

ಲ್ಯಾಬಿನ ವೇಳಾಪಟ್ಟಿ ಬಾಗಿಲಿಗೆ ಅಂಟಿಸಿರುತ್ತದೆ, ಲ್ಯಾಮಿನೇಷನ್ ಸಮೇತ. ಅದರ ಪ್ರಕಾರ ಎಂದೂ ಏನೂ ನಡೆಯುವುದಿಲ್ಲ; ಲ್ಯಾಬ್ ತುಂಬುವುದು ಪರೀಕ್ಷಾ ಕೆಲಸಕ್ಕೆ. ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಗಿ ಪರೀಕ್ಷಾ ಕೆಲಸ ಊರಿಗೆ ಹತ್ತಿರ ಬಂತು. ಆಮೇಲೆ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್ ಬಂದು ಪ್ರವೇಶ, ಪರೀಕ್ಷಾ ಅರ್ಜಿ, ಇಂಟರ್ನಲ್ ಅಂಕ ಎಲ್ಲವೂ ಕಂಪ್ಯೂಟರಿನ ಮುಂದೆ ಕೂತವು. ಕೊನೆಯ ದಿನಾಂಕದ ಹಿಂದಿನ ಸಂಜೆ ಇಡೀ ಅಧ್ಯಾಪಕ ವೃಂದ ಲ್ಯಾಬಿನಲ್ಲಿ ನೆರೆಯುತ್ತದೆ. ಪೋರ್ಟಲ್ ದುಂಡಗೆ ತಿರುಗುತ್ತಿರುತ್ತದೆ. ಇನ್‌ಚಾರ್ಜ್ ಸಾಲಿನಿಂದ ಸಾಲಿಗೆ ನಡೆದು ಹಿರಿಯರಿಗೆ ಪಾಸ್‌ವರ್ಡಿನ ದೊಡ್ಡ ಅಕ್ಷರ, ಸಣ್ಣ ಅಕ್ಷರದ ಭೇದ ತಿಳಿಸುತ್ತಾರೆ. ಕಾಲೇಜಿನ ಇಂಟರ್ನೆಟ್ ಕೈಕೊಟ್ಟರೆ ಹೊರಗೆ ಕಾದಿರುವ ವಿದ್ಯಾರ್ಥಿಯ ಮೊಬೈಲ್ ಹಾಟ್‌ಸ್ಪಾಟ್ ಆಸರೆ. ನಿನ್ನೆ ಚಪ್ಪಲಿ ಬಿಟ್ಟು ಬಂದು ಬರಿಗೈಯಲ್ಲಿ ಮರಳಿದವನೇ ಆತ. ಇಂದು ಅವನಿಗೆ ಕುರ್ಚಿ.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಖುದ್ದಾಗಿ ಬರುತ್ತಿದ್ದ ಕಾಲದಲ್ಲಿ, ಅದು ಬರುವ ವರ್ಷ ಕಾಲೇಜಿಗೆ ವಿದ್ಯಾರ್ಥಿ–ಕಂಪ್ಯೂಟರ್ ಅನುಪಾತದ ನೆನಪಾಗುತ್ತಿತ್ತು. ಮೆಟ್ಟಿಲ ಕೆಳಗಿನ ಕೋಣೆಯಿಂದ ಹಳೆಯ ಮಾನಿಟರುಗಳು ಎದ್ದುಬಂದು, ಮುಖ ಒರೆಸಿಕೊಂಡು ಮೇಜಿನ ಮೇಲೆ ಕೂರುತ್ತಿದ್ದವು. ಅನುಪಾತ ಸುಧಾರಿಸುತ್ತಿತ್ತು. ತಂಡ ಬೆಣ್ಣೆದೋಸೆ ತಿಂದು ಹೊರಟ ಸಂಜೆ ಅವು ಸ್ವಸ್ಥಾನಕ್ಕೆ ಮರಳುತ್ತಿದ್ದವು.

ನಿಜವಾದ ಲೆಕ್ಕ ತಪಾಸಣೆ ನಡೆಯುವುದು ಆಯುಧಪೂಜೆಯಂದು. ಪ್ರತಿ ಸಿಪಿಯುವಿಗೂ ಕುಂಕುಮ ಇಡಬೇಕಾದ್ದರಿಂದ ಎಲ್ಲವನ್ನೂ ಒರೆಸಿ, ಎಣಿಸಲೇಬೇಕು. ವರ್ಷದ ಧೂಳು ಹೋಗುವುದೂ, ಯುಎಸ್‌ಬಿ ಕಿಂಡಿಗಳಿಗೆ ಅರಿಶಿನ ಸೇರುವುದೂ ಒಂದೇ ದಿನ.

ಕೆಟ್ಟದ್ದನ್ನು ಹೊರಹಾಕುವುದು ಹೊಸದನ್ನು ತರುವುದಕ್ಕಿಂತ ಕಷ್ಟ. ಇ-ತ್ಯಾಜ್ಯವನ್ನು ಗುಜರಿಗೆ ಹಾಕುವಂತಿಲ್ಲ, ನೋಂದಾಯಿತ ಸಂಸ್ಥೆಗಳಿಗೇ ಕೊಡಬೇಕು. ಅದಕ್ಕೆ ಮೊದಲು ಸಮಿತಿ, ಠರಾವು, ರಿಜಿಸ್ಟರಿನಿಂದ ತೆಗೆದುಹಾಕುವ ಆದೇಶ. ಸಮಿತಿ ಸೇರುವಷ್ಟರಲ್ಲಿ ಇನ್‌ಚಾರ್ಜರ ವರ್ಗಾವಣೆಯೋ ನಿವೃತ್ತಿಯೋ ಬಂದಿರುತ್ತದೆ. ಆಗ ಚಾರ್ಜ್ ಹಸ್ತಾಂತರ. ಹೊಸಬರು ಪಟ್ಟಿ ಹಿಡಿದು ಒಂದೊಂದನ್ನೇ ಟಿಕ್ ಮಾಡುತ್ತಾ ಹೋಗುತ್ತಾರೆ. ಕಂಪ್ಯೂಟರ್ ಸರಿ, ಯುಪಿಎಸ್ ಸರಿ, ಸತ್ತ ಮಾನಿಟರುಗಳೂ ಸರಿ. ಒಂದು ಮೌಸು ಕಡಿಮೆ. ಹಳಬರು ಮಾತಾಡದೆ ಪೇಟೆಗೆ ಹೋಗಿ, ಸ್ವಂತ ದುಡ್ಡಿನಲ್ಲಿ ಒಂದು ಮೌಸು ತಂದು, ಹೊಸದೆಂದು ಗೊತ್ತಾಗದ ಹಾಗೆ ಪ್ಲಾಸ್ಟಿಕ್ ಹರಿದು, ಸಾಲಿನಲ್ಲಿ ಇಟ್ಟು ರುಜು ಹಾಕಿಸಿಕೊಳ್ಳುತ್ತಾರೆ.