ಮರ್ಯಾದೆಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿಡಿ

ಬೆಂಗಳೂರಿನ ಕನ್ನಡಿಗನಷ್ಟು ಧೈರ್ಯವಾಗಿ ತಪ್ಪು ಹಿಂದಿ ಮಾತಾಡುವ ಪ್ರಾಣಿ ಈ ಭೂಮಂಡಲದಲ್ಲಿ ಇನ್ನೊಂದಿಲ್ಲ. 'ಗಾಡಿ ಆಯಾ, ಬೀವಿ ಗಯಾ, ಪಾನಿ ನಹೀ ಆಯೀ' ಅಂತ ಗಂಡನ್ನು ಹೆಣ್ಣು ಮಾಡಿ, ಹೆಣ್ಣನ್ನು ಗಂಡು ಮಾಡಿ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಜೊತೆ ಅರ್ಧ ಗಂಟೆ ದೇಶದ ರಾಜಕೀಯ ಮಾತಾಡಿ, ಗೆದ್ದವನ ಹಾಗೆ ಲಿಫ್ಟ್ ಹತ್ತುತ್ತಾನೆ. ಇಸ್ತ್ರಿ ಅಂಗಡಿಯಲ್ಲಿ ತಮಿಳು, ಮಾವಿನಹಣ್ಣಿನ ಗಾಡಿ ಮುಂದೆ ತೆಲುಗು. ಯಾವುದಕ್ಕೂ ವ್ಯಾಕರಣವಿಲ್ಲ, ಯಾವುದಕ್ಕೂ ನಾಚಿಕೆಯಿಲ್ಲ. ಕೆಲಸ ಮಾತ್ರ ಆಗುತ್ತದೆ. ಇಪ್ಪತ್ತು ರೂಪಾಯಿ ಚೌಕಾಸಿಯೂ ಆಗಿರುತ್ತದೆ.

ಇದೇ ಮಹಾಶಯರನ್ನು, ಮಗಳ ಬಾಣಂತನಕ್ಕೆ ಮ್ಯೂನಿಕ್‌ಗೆ ಹೊರಡುವ ಮುಂಚೆ ನಾಲ್ಕು ಮಾತು ಕಲಿಯಲಿ ಅಂತ, ಜರ್ಮನ್ ಕ್ಲಾಸಿನಲ್ಲಿ ಕೂರಿಸಿ ನೋಡಿ. ಅಲ್ಲಿಂದ ಮೌನವ್ರತ. ಮೇಡಂ 'ನಿಮ್ಮ ಹೆಸರೇನು' ಅಂತ ಜರ್ಮನ್ನಿನಲ್ಲಿ ಕೇಳಿದರೆ ಸಾಕು, ಮೂವತ್ತು ವರ್ಷ ಮುಖ ನೋಡದೆ ಸಾಲದ ಅರ್ಜಿ ತಿರಸ್ಕರಿಸಿದ ಬ್ಯಾಂಕ್ ಮ್ಯಾನೇಜರು ಪೆನ್ನಿನ ಕ್ಯಾಪು ಹುಡುಕುತ್ತಾ ಮೇಜಿನ ಕೆಳಗೆ ಹೋಗುತ್ತಾರೆ. ಸ್ವಂತ ಹೆಸರು ರೀ! ಅದರಲ್ಲಿ ಜರ್ಮನ್ ಏನಿದೆ ಹೇಳಿ.

ಊರಿನಲ್ಲಿ ಇಂಥ ಕ್ಲಾಸುಗಳಿಗೆ ಬರವಿಲ್ಲ. ಇಂದಿರಾನಗರದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೇ ಇದೆ. ಒಂದು ದಿನವೂ ಭಾರತಕ್ಕೆ ಕಾಲಿಡದೆ ಆಕ್ಸ್‌ಫರ್ಡಿನಲ್ಲಿ ಕೂತು ಋಗ್ವೇದ ಸಂಪಾದಿಸಿದ ಪುಣ್ಯಾತ್ಮನ ಹೆಸರು ಅದಕ್ಕೆ. ಜರ್ಮನಿ ನೋಡದವರು ಅಲ್ಲಿ ಜರ್ಮನ್ ಕಲಿಯುವುದು ಆ ಹೆಸರಿಗೆ ಸಲ್ಲಿಸುವ ಸರಿಯಾದ ಗೌರವ. ಬರುವವರಲ್ಲಿ ನರ್ಸುಗಳಿದ್ದಾರೆ, ಸಾಫ್ಟ್‌ವೇರಿನವರಿದ್ದಾರೆ, ಹೊಸದಾಗಿ ಮದುವೆಯಾದವರಿದ್ದಾರೆ. ಈ ಹೊಸ ಮದುವೆಯವರದು ಬೇರೆಯೇ ಕಥೆ. ಗಂಡನನ್ನೋ ಹೆಂಡತಿಯನ್ನೋ ಕೂಡಿಕೊಳ್ಳಲು ವೀಸಾ ಬೇಕಾದರೆ ಮೊದಲ ಮೆಟ್ಟಿಲಾದ ಎ1 ಮಟ್ಟದ ಜರ್ಮನ್ ಬರಬೇಕು ಎಂಬ ನಿಯಮವನ್ನು ಆ ದೇಶ 2007ರಲ್ಲೇ ತಂದಿದೆ. ನಮ್ಮಲ್ಲಿ ಜಾತಕ ಕೂಡಿದರೆ ಸಾಕು. ಅಲ್ಲಿ ಕ್ರಿಯಾಪದವೂ ಕೂಡಬೇಕು. ವಿರಹ ಇರುವವರು ಬೇಗ ಕಲಿಯುತ್ತಾರೆ, ಅವರನ್ನು ಬಿಡಿ. ನನಗೆ ಕುತೂಹಲ ಹಿಂದಿನ ಬೆಂಚಿನ ಐವತ್ತು ದಾಟಿದವರ ಮೇಲೆ.

ಅವರ ಬಾಯಲ್ಲಿ ಒಂದೇ ಪಲ್ಲವಿ: 'ವಯಸ್ಸಾಯ್ತಲ್ಲ ಮೇಡಂ, ಮಕ್ಕಳ ಹಾಗೆ ಎಲ್ಲಿ ಬರುತ್ತೆ?' ಮಕ್ಕಳ ಮೇಲೆ ಇಟ್ಟಿರುವ ಈ ಭಕ್ತಿಗೆ ಆಧಾರ ಅಷ್ಟು ಗಟ್ಟಿಯಲ್ಲ. ಸ್ನೋ ಮತ್ತು ಹೂಫ್ನಾಗೆಲ್-ಹೋಲೆ ಎಂಬ ಇಬ್ಬರು ಸಂಶೋಧಕಿಯರು, ಹಾಲೆಂಡಿಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಗಮನಿಸಿ 1978ರಲ್ಲಿ ಬರೆದಿಟ್ಟಿದ್ದಾರೆ. ಶುರುವಿನ ತಿಂಗಳುಗಳಲ್ಲಿ ಮುಂದೆ ಓಡಿದವರು ಹದಿಹರೆಯದವರು ಮತ್ತು ದೊಡ್ಡವರು. ಎಲ್ಲರಿಗಿಂತ ಹಿಂದೆ ಬಿದ್ದವು ಮೂರರಿಂದ ಐದು ವರ್ಷದ ಪುಟಾಣಿಗಳು. ಹೌದು, ದೀರ್ಘ ಓಟದಲ್ಲಿ ಮಕ್ಕಳೇ ಗೆಲ್ಲುತ್ತಾರೆ, ಅವರ ಉಚ್ಚಾರಣೆ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ನಮ್ಮ ಮ್ಯಾನೇಜರಿಗೆ ಬರ್ಲಿನ್ ರೇಡಿಯೊದಲ್ಲಿ ವಾರ್ತೆ ಓದಬೇಕಾಗಿಲ್ಲ. ಬೇಕರಿಯಲ್ಲಿ ಬ್ರೆಡ್ ಕೇಳಬೇಕು, ಅದರಲ್ಲಿ ಮೊಟ್ಟೆ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಅಷ್ಟೇ.

ಹಾಗಾದರೆ ತೊಡಕು ಎಲ್ಲಿ? ಹುದ್ದೆಯಲ್ಲಿ, ಸ್ವಾಮಿ. ಮೂರು ವರ್ಷದ ಮಗುವಿಗೆ ವಿಸಿಟಿಂಗ್ ಕಾರ್ಡ್ ಇರುವುದಿಲ್ಲ. ನಮ್ಮವರಿಗೆ ಇದೆ. ಸೆಕ್ಯುರಿಟಿಯವನ ಮುಂದೆ ತಪ್ಪು ಹಿಂದಿ ಆಡಿದರೆ ಹುದ್ದೆಗೆ ಧಕ್ಕೆಯಿಲ್ಲ, ಅವನು ತಿದ್ದುವುದಿಲ್ಲ. ಮಗಳ ವಯಸ್ಸಿನ ಮೇಡಂ ತಿದ್ದುತ್ತಾಳಲ್ಲ, ಅಲ್ಲಿ ಉರಿಯುತ್ತದೆ.

ಈ ಉರಿಗೆ ಔಷಧವನ್ನೂ ಯುರೋಪಿನವರು ಹುಡುಕಿದ್ದಾರೆ. ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ ಡಚ್ ಕಲಿತಿದ್ದ 50 ಜರ್ಮನ್ನರನ್ನು ಕರೆದು, ಕೆಲವರಿಗೆ ಸ್ವಲ್ಪವೇ ಮದ್ಯ, ಉಳಿದವರಿಗೆ ಬರೀ ನೀರು ಕೊಟ್ಟು ಡಚ್ಚಿನಲ್ಲಿ ಮಾತಾಡಿಸಿದರು. ಯಾರು ಏನು ಕುಡಿದಿದ್ದಾರೆ ಅಂತ ಗೊತ್ತಿಲ್ಲದ ಡಚ್ಚರು ಆ ರೆಕಾರ್ಡಿಂಗ್ ಕೇಳಿ ಅಂಕ ಹಾಕಿದರೆ, ಕುಡಿದವರಿಗೆ, ಅದರಲ್ಲೂ ಉಚ್ಚಾರಣೆಗೆ, ಹೆಚ್ಚು ಅಂಕ ಬಂತು. ಕುಡಿದವರಿಗೆ ಮಾತ್ರ ತಾವು ಚೆನ್ನಾಗಿ ಮಾತಾಡಿದೆವು ಅನ್ನಿಸಿರಲಿಲ್ಲವಂತೆ. ನಮ್ಮ ಬಾರುಗಳಲ್ಲಿ ನಡೆಯುವುದಕ್ಕೆ ತದ್ವಿರುದ್ಧ ನೋಡಿ! ಈ ಸಂಶೋಧನೆಗೆ 2025ರಲ್ಲಿ, ನಗು ತರಿಸುವ ಸಂಶೋಧನೆಗಳಿಗೆಂದೇ ಕೊಡುವ ಇಗ್ ನೊಬೆಲ್ ಬಂತು, ಅದೂ ಶಾಂತಿ ಪ್ರಶಸ್ತಿ. ಇದನ್ನು ಓದಿ ಯಾರಾದರೂ ಸಂಜೆಯ ಬ್ಯಾಚಿಗೆ 'ತಯಾರಾಗಿ' ಹೋದರೆ ಮನೆಯಲ್ಲಿ ಶಾಂತಿ ಉಳಿಯುವ ಬಗ್ಗೆ ನಾನು ಜವಾಬ್ದಾರನಲ್ಲ. ಕೊಟ್ಟದ್ದು ಸ್ವಲ್ಪ ಎಂಬುದನ್ನು ಮಾತ್ರ ಎರಡು ಸಲ ಓದಿಕೊಳ್ಳಿ.

ಕುಡಿಯದೆಯೇ ನಾಲಿಗೆ ಸಡಿಲವಾಗುವುದು ನಾಟಕದಿಂದ. ಮೇಡಂ ಒಬ್ಬರನ್ನು ಡಾಕ್ಟರ್ ಮಾಡಿ, ಇನ್ನೊಬ್ಬರನ್ನು ರೋಗಿ ಮಾಡಿ ಎದುರುಬದುರು ನಿಲ್ಲಿಸುತ್ತಾರೆ. ಮಲ್ಲೇಶ್ವರದ ಗೃಹಿಣಿಯೊಬ್ಬರು ಡಾಕ್ಟರು, ನಮ್ಮ ಮ್ಯಾನೇಜರು ರೋಗಿ. ಎರಡೂವರೆಗೆ ಬರಬೇಕು ಅನ್ನುವುದನ್ನು ಜರ್ಮನ್ನರು 'ಅರ್ಧ ಮೂರಕ್ಕೆ' ಅನ್ನುತ್ತಾರೆ. ರೋಗಿ ಲೆಕ್ಕ ಹಾಕಿ ಮೂರೂವರೆಗೆ ಬಂದು ನಿಂತರು. ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು, ಬಂದಷ್ಟು ಜರ್ಮನ್ನಿನಲ್ಲಿ, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದಿರಿ ಅಂತ ಬೈದರು. ಬೈಯುವ ವಾಕ್ಯವನ್ನು ಆ ಪಾಠದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ! ಮನೆಯಲ್ಲಿ ವರ್ಷಗಟ್ಟಲೆ ಮಾಡಿದ ಅಭ್ಯಾಸ, ಭಾಷೆ ಮಾತ್ರ ಬದಲಾಗಿತ್ತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮ್ಯಾನೇಜರೂ ನಕ್ಕರು, ನಕ್ಕ ಮೇಲೆ ಮೊದಲ ಸಲ ಒಂದು ಪೂರ್ತಿ ವಾಕ್ಯ ಹೇಳಿದರು: ತಲೆನೋವು.

ಅದು ವಾಕ್ಯವಲ್ಲ ಅಂತ ಮೇಡಂ ಹೇಳಲಿಲ್ಲ. ಒಳ್ಳೆಯ ಮೇಡಂ.

ನಿಜ ಹೇಳಬೇಕೆಂದರೆ ನಾವು ಹೆದರಬೇಕಾದ ಭಾಷೆಯೇ ಅಲ್ಲ ಇದು. ಮಾರ್ಕ್ ಟ್ವೇನ್ 1880ರಲ್ಲಿ ಜರ್ಮನ್ ಎಷ್ಟು ಘೋರ ಅಂತ ಒಂದು ಪ್ರಬಂಧವನ್ನೇ ಬರೆದ. ಅವನ ದೂರುಗಳಲ್ಲೊಂದು, ಕ್ರಿಯಾಪದ ವಾಕ್ಯದ ಕೊಟ್ಟಕೊನೆಗೆ ಹೋಗಿ ಕೂರುತ್ತದೆ ಅನ್ನುವುದು. ಪಾಪ, ಅಮೆರಿಕದವನು. ನಮ್ಮ ಅಜ್ಜಿ ಇಡೀ ರಾಮಾಯಣ ಹೇಳಿ ಕೊನೆಗೆ 'ಅಂದನಂತೆ' ಅನ್ನುವವರೆಗೂ ತಾಳ್ಮೆಯಿಂದ ಕಾದವರು ನಾವು. ಅವರಿಗೆ ನಾಲ್ಕು ವಿಭಕ್ತಿ. ನಾವು ಚಡ್ಡಿ ಹಾಕಿಕೊಂಡಿದ್ದಾಗಲೇ ಏಳು ಬಾಯಿಪಾಠ ಒಪ್ಪಿಸಿದ್ದೇವೆ. ನೀನು-ನೀವು ಎಂಬ ಭೇದ ಅವರಲ್ಲೂ ಇದೆ. ಮಾವನವರನ್ನು ಏಕವಚನದಲ್ಲಿ ಕರೆದರೆ ಏನಾಗುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ.

ಉಳಿದದ್ದು ಲಿಂಗ. ಊಟದ ಮೇಜಿನಲ್ಲೇ ಮೂರೂ ಇವೆ: ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ಇಷ್ಟಕ್ಕೇ ಕೆಲವರು ಪುಸ್ತಕ ಮುಚ್ಚುತ್ತಾರೆ. ಹುಡುಗಿ ನಪುಂಸಕಲಿಂಗ ಅಂದಾಗಲಂತೂ ಇಡೀ ಕ್ಲಾಸು ಹೌಹಾರುತ್ತದೆ. ಕೂತಲ್ಲಿಂದ ಅಲುಗದವರು ಶಿರಸಿ ಕಡೆಯ ಹವ್ಯಕರು ಮಾತ್ರ. ಮನೆಯಲ್ಲಿ ಹೆಂಗಸರನ್ನು 'ಬಂತು, ಹೋತು' ಅಂತಲೇ ಹೇಳಿಕೊಂಡು ಬೆಳೆದವರಿಗೆ ಅದರಲ್ಲೇನು ಆಶ್ಚರ್ಯ? ಮಿಕ್ಕವರಿಗೆ ನನ್ನದೊಂದು ಬಿಟ್ಟಿ ಸಲಹೆ: ಬೀವಿಯನ್ನು 'ಗಯಾ' ಅಂದಿರಲ್ಲ, ಅದೇ ಭಂಡತನವನ್ನು ಫೋರ್ಕಿನ ಮೇಲೂ ತೋರಿಸಿ. ಲಿಂಗ ತಪ್ಪಿದರೂ ಬ್ರೆಡ್ ಸಿಗುತ್ತದೆ. ಬಾಯಿ ಮುಚ್ಚಿದರೆ ಸಿಗುವುದಿಲ್ಲ.

ಲೆಕ್ಕ ಸಮ ಮಾಡಲು ಆ ಕಡೆಯಿಂದ ಬಂದವರನ್ನೂ ನೋಡಿ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತು ದಾಟಿದ ತರುಣ. ಸುಮಾರು 70,000 ಪದಗಳ ನಿಘಂಟು ಅಚ್ಚಾಗಿದ್ದು 1894ರಲ್ಲಿ, ಅವರಿಗೆ ಅರವತ್ತು ಕಳೆದ ಮೇಲೆ. ಆ ನಡುವಿನ ವರ್ಷಗಳಲ್ಲಿ ಎಷ್ಟು ಸಲ 'ಳ' ಅನ್ನಲು ಹೋಗಿ 'ಲ' ಅಂದರೋ, ಧಾರವಾಡದ ಯಾವ ಸಂತೆಯಲ್ಲಿ ಯಾರು ನಕ್ಕರೋ, ಅದು ನಿಘಂಟಿನಲ್ಲಿ ನಮೂದಾಗಿಲ್ಲ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಮಾತ್ರ ಇದೆ.

ಈಗ ಪರೀಕ್ಷೆಯ ವಿಷಯ. ಎ1ರಲ್ಲಿ ನೂರಕ್ಕೆ ಅರವತ್ತು ಬಂದರೆ ಪಾಸು. ಮಾತಿನ ಭಾಗದಲ್ಲಿ ನಿಮ್ಮ ಪರಿಚಯ ನೀವೇ ಹೇಳಿಕೊಳ್ಳಬೇಕು. ಆಮೇಲೆ ಪರೀಕ್ಷಕರು ಫೋನ್ ನಂಬರ್ ಹೇಳಿ ಅಂತಲೋ, ಒಂದು ಪದದ ಅಕ್ಷರ ಬಿಡಿಸಿ ಹೇಳಿ ಅಂತಲೋ ಕೇಳುತ್ತಾರೆ. ಸಾಮಾನ್ಯವಾಗಿ ಹೆಸರೇ ಸಿಗುತ್ತದೆ. ಜರ್ಮನ್ನರು ಉದ್ದ ಉದ್ದದ ಪದ ಕಟ್ಟಿ ಜಗತ್ತನ್ನು ಹೆದರಿಸಿದ್ದಕ್ಕೆ ಸೇಡು ತೀರಿಸಿಕೊಳ್ಳುವ ಅವಕಾಶ ನಮ್ಮವರಿಗೆ ದೊರೆಯುವುದು ಇಲ್ಲೇ. ಹೆಸರು ವೆಂಕಟಲಕ್ಷ್ಮಮ್ಮ ಅಂತಿಟ್ಟುಕೊಳ್ಳಿ. ಆಕೆ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಸಹಸ್ರನಾಮದ ಧಾಟಿಯಲ್ಲಿ ಶುರು ಮಾಡುತ್ತಾರೆ: 'ಫೌ, ಏ, ಎನ್, ಕಾ, ಆ, ಟೇ, ಆ, ಎಲ್, ಆ, ಕಾ, ಎಸ್, ಹಾ...' ಪರೀಕ್ಷಕರು ಸಾಕು ಅಂತ ಕೈ ಎತ್ತುತ್ತಾರೆ. ಆಕೆ ನಿಲ್ಲಿಸುವುದಿಲ್ಲ. ಇನ್ನೂ ಐದಕ್ಷರ ಬಾಕಿ ಇದೆ, ಆಮೇಲೆ ಗಂಡನ ಹೆಸರೂ ಇದೆ.