ಅಣಬೆ ಪ್ರಮಾಣ ಮೀಮಾಂಸೆ

ಮುಂಗಾರಿನ ಗುಡುಗು ಮಾಕಳಿದುರ್ಗದ ಮೇಲೆ ಉರುಳಿದ ಕೂಡಲೇ ದೊಡ್ಡಬಳ್ಳಾಪುರ ಸೀಮೆಯಲ್ಲಿ ಎರಡು ಬಗೆಯ ಜೀವಿಗಳು ತಲೆಯೆತ್ತುತ್ತವೆ: ಅಣಬೆ ಮತ್ತು ಅಣಬೆ ಪಂಡಿತರು. ಅಣಬೆ ಎರಡು ಮೂರು ದಿನಕ್ಕೆ ಕೊಳೆಯುತ್ತದೆ. ಪಂಡಿತರು ಬಾಳಿಕೆ ಬರುತ್ತಾರೆ. ಅವರ ಮತಗಳನ್ನು ಪೂರ್ವಪಕ್ಷ, ಸಿದ್ಧಾಂತಗಳ ಕ್ರಮದಲ್ಲಿ ವಿಚಾರಿಸುವುದು ಈ ಪ್ರಬಂಧದ ಉದ್ದೇಶ.

ಪೂರ್ವಪಕ್ಷಗಳಲ್ಲಿ ಅತಿ ಪುರಾತನವಾದದ್ದು ರಜತವಾದ. ಕುದಿಯುವ ಸಾರಿಗೆ ಬೆಳ್ಳಿ ಕಾಲುಂಗುರ ಹಾಕಬೇಕು. ಕಪ್ಪಾದರೆ ವಿಷ, ಹೊಳೆದರೆ ಮುದ್ದೆ ತೊಳಸಬಹುದು. ಆದರೆ ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಸಂಯುಕ್ತಗಳು. ಈ ವಾದದ ಪ್ರಕಾರ ಮೊದಲು ಬಹಿಷ್ಕಾರಕ್ಕೆ ಒಳಗಾಗಬೇಕಾದದ್ದು ಬೇಯಿಸಿದ ಕೋಳಿಮೊಟ್ಟೆ. ಕ್ರಿ.ಶ. 54ರಲ್ಲಿ ರೋಮ್ ಚಕ್ರವರ್ತಿ ಕ್ಲಾಡಿಯಸ್ ಅಣಬೆಯ ಊಟದಿಂದ ಸತ್ತನೆಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ಅವನ ಅರಮನೆಯಲ್ಲಿ ಬೆಳ್ಳಿಗೇನೂ ಬರವಿರಲಿಲ್ಲ.

ಎರಡನೆಯದು ಕೀಟವಾದ: ಹುಳ ತಿಂದದ್ದನ್ನು ಮನುಷ್ಯನೂ ತಿನ್ನಬಹುದು. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಗೊಂಡೆಹುಳು ನಿಶ್ಚಿಂತೆಯಿಂದ ಮೇಯುತ್ತದೆ. ಅದಕ್ಕೂ ನಮಗೂ ಪಿತ್ತಜನಕಾಂಗದಲ್ಲಿ ಸಾಮ್ಯವಿಲ್ಲ.

ಮೂರನೆಯದು ಪಾಕವಾದ. ಅರಿಸಿನ, ಹುಣಸೆಹುಳಿ ಹಾಕಿ ಚೆನ್ನಾಗಿ ಕುದಿಸಿದರೆ ಯಾವ ವಿಷವೂ ನಿಲ್ಲದಂತೆ. ಮಾರಕ ಅಣಬೆಗಳಲ್ಲಿರುವ ಅಮಟಾಕ್ಸಿನ್ ಈ ವಾದವನ್ನು ಓದಿಲ್ಲ. ಕುದಿಸಿದರೂ, ಒಣಗಿಸಿದರೂ ಅದು ಹಾಗೆಯೇ ಇರುತ್ತದೆ. ತಿಂದು ಆರು ಗಂಟೆಯವರೆಗೆ, ಕೆಲವೊಮ್ಮೆ ಇಡೀ ದಿನ, ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಅದು ನಿಂತು ಗುಣವಾಯಿತು ಎನ್ನಿಸುವ ಹೊತ್ತಿಗೆ ಪಿತ್ತಜನಕಾಂಗ ಹಾಳಾಗುತ್ತಿರುತ್ತದೆ.

ನವೀನ ಪಕ್ಷವೆಂದರೆ ವಾಟ್ಸಾಪ್ ವಾದ. ಇದರ ಪೀಠ ದೇವನಹಳ್ಳಿ ಸುತ್ತಲಿನ ಹೊಸ ಬಡಾವಣೆಗಳಲ್ಲಿದೆ. ಹುಲ್ಲುಹಾಸಿನಲ್ಲಿ ಎದ್ದ ದಪ್ಪ ಬಿಳಿ ಕೊಡೆಯ ಫೋಟೋವನ್ನು ಮೇಲಿನಿಂದ ತೆಗೆದು ಗುಂಪಿಗೆ ಹಾಕಿದರೆ, ಊಟದ ಹೊತ್ತಿಗೆ ಬಹುಮತದ ತೀರ್ಪು ಬರುತ್ತದೆ. ಹೀಗೆ ಹುಲ್ಲಿನಲ್ಲಿ ಏಳುವ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ತಿಂದವರನ್ನು ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಮಾಡಿಸುತ್ತದೆ. ಗುರುತು ಅದರ ಹಸಿರು ಬೀಜಕಣ. ಎಳೆಯದರ ಕೊಡೆಯಡಿಯ ಪದರಗಳು ಬೆಳ್ಳಗೇ ಇರುತ್ತವೆ. ಪದರ, ಕಾಂಡದ ಉಂಗುರ, ಮಣ್ಣೊಳಗಿನ ಬುಡ ಯಾವುದೂ ಆ ಫೋಟೋದಲ್ಲಿ ಬಂದಿರುವುದಿಲ್ಲ.

ಇನ್ನು ಸಿದ್ಧಾಂತ. ಅಣಬೆ ಬಲ್ಲ ಹಳ್ಳಿಯ ಅಜ್ಜಿಯರು ವಾದಕ್ಕೆ ಕೂರುವುದಿಲ್ಲ, ಕೂತು ಅಗೆಯುತ್ತಾರೆ. ಚೂಪು ನೆತ್ತಿಯ ಹುತ್ತದ ಅಣಬೆಗೆ ಬೇರಿನಂಥ ಉದ್ದ ಬುಡವಿದ್ದು, ಅದು ಗೆದ್ದಲು ಸಾಕಿದ ಶಿಲೀಂಧ್ರದ ತೋಟದವರೆಗೆ ಇಳಿದಿರುತ್ತದೆ. ಫ್ರಾನ್ಸಿನ ರೋಜರ್ ಹೀಮ್ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟದ್ದು 1942ರಲ್ಲಿ. ಅಷ್ಟರೊಳಗೆ ಎಷ್ಟೋ ತಲೆಮಾರು ಸಾರುಂಡು ಕೈತೊಳೆದಾಗಿತ್ತು. ಕೊಡೆಯನ್ನು ಬಿಳಿ ಕಾಗದದ ಮೇಲೆ ಬೋರಲಿಟ್ಟು ರಾತ್ರಿಯಿಡೀ ಬಟ್ಟಲು ಮುಚ್ಚಿದರೆ ಇದರ ಬೀಜಕಣ ತಿಳಿಗುಲಾಬಿ ಬಣ್ಣದಲ್ಲಿ ಉದುರುತ್ತದೆ. ಇಷ್ಟಾದರೂ ಒಂದೇ ಲಕ್ಷಣ ಪ್ರಮಾಣವಲ್ಲ; ಹುತ್ತದ ಪಕ್ಕದಲ್ಲಿ ಬೇರೆ ಅಣಬೆಯೂ ಏಳಬಹುದು. ಗುರುತು ಬಲ್ಲವರು ಕೈಗೆತ್ತಿಕೊಂಡು ನೋಡದ ಅಣಬೆಯನ್ನು ಒಲೆಗೆ ಏರಿಸಬಾರದು.

ಈಗಾಗಲೇ ಉಂಡಾಗಿದ್ದರೆ ಪ್ರಬಂಧವನ್ನು ಇಲ್ಲಿಗೇ ಮಡಚಿಟ್ಟು, ವಾಂತಿಗೆ ಕಾಯದೆ, ಉಳಿದ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೊರಡಿ. ಆಂಬುಲೆನ್ಸಿಗೆ 108.